ಒಳಗೆ ನೋಡುವ ಜೀವಗಳು

ಅಂದು ಬೆಳಿಗ್ಗೆ ಮಳೆ ನಿಂತಿತ್ತು. ನಿಂತಿತ್ತೇ ಹೊರತು ಹೋಗಿರಲಿಲ್ಲ. ಮೋಡ ಮನೆಗಳ ಮಾಳಿಗೆಗೆ ತಲೆಯಾನಿಸಿಕೊಂಡು ಕೂತಿತ್ತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ರಾತ್ರಿಯೆಲ್ಲ ಸುರಿದ ನೀರು ತಗ್ಗಿನ ಬೀದಿಗಳಲ್ಲಿ ಮಡುಗಟ್ಟಿ, ನೆಲದೊಳಗೆ ಮನೆ ಮಾಡಿಕೊಂಡ ಜೀವಗಳನ್ನೆಲ್ಲ ಮೇಲಕ್ಕೆಬ್ಬಿಸಿತ್ತು. ಎರೆಹುಳುಗಳು ರಸ್ತೆ ದಾಟುತ್ತಿದ್ದವು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಒಬ್ಬರ ಮನೆ ಮುಳುಗಿಸಿ ಇನ್ನೊಬ್ಬರ ಮನೆಯ ಬಾಗಿಲು ತೋರಿಸುವುದು ಭಗವಂತನ ಹಳೆಯ ರೂಢಿ.

ಪುಟದಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿ ಪ್ರೆಸ್ಸಿಗೆ ಬಂದಳು. ಹಾಗೆಂದು ಅವಳನ್ನು ಕರೆದವರು ಪ್ರೆಸ್ಸಿನವರೇ. ಮಕ್ಕಳಿಗೆ ಹಕ್ಕಿ, ಹುಳು, ಗಿಡ, ಮೀನು ಇವುಗಳ ಗುರುತು ಮಾಡಿಕೊಡುವ ಪುಸ್ತಕಗಳನ್ನು ಅಲ್ಲಿ ಮಾಡುತ್ತಿದ್ದರು. ಬರಹವೆಲ್ಲಿ, ಚಿತ್ರವೆಲ್ಲಿ ಎಂದು ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವುದು ಅವಳ ಕೆಲಸ. ಅವಳಿಗೆ ಅದು ಕೆಲಸವೂ ಹೌದು, ಒಂದು ಬಗೆಯ ಪೂಜೆಯೂ ಹೌದು. ಮಿಡತೆಯ ಕಾಲೊಂದನ್ನು ಪುಟದಲ್ಲಿ ಸರಿಯಾಗಿ ಕೂರಿಸಿದ ದಿನ, ಅದನ್ನು ಮಾಡಿದ ದೇವರ ಕೈಯನ್ನು ಒಂದು ಗಳಿಗೆ ಮುಟ್ಟಿದೆ ಅನ್ನಿಸುತ್ತಿತ್ತು.

ಹೊಸ ಪುಸ್ತಕ 'ನಮ್ಮ ಮನೆಯ ನೆರೆಯವರು' ಹಿಂದಿನ ದಿನವಷ್ಟೇ ಹೊರಬಿದ್ದಿತ್ತು. ಮನೆಯ ಸುತ್ತಮುತ್ತ ಬಾಳುವ ಜೀವಗಳ ಪುಸ್ತಕ. ಮೊದಲ ಕಟ್ಟು ಪಕ್ಕದ ಬೀದಿಯ ಶಾಲೆಗೆ ಹೋಗಿತ್ತು, ಉಳಿದದ್ದು ಗೋದಾಮಿನಲ್ಲಿತ್ತು. ಇವತ್ತು ಚಿತ್ರಕಾರರ ಮೂಲ ಚಿತ್ರಗಳನ್ನು ಕಾಗದದಲ್ಲಿ ಸುತ್ತಿ ವಾಪಸು ಕಳಿಸಬೇಕು. ಹಾವುಗಳ ಚಿತ್ರ ಕೈಗೆ ಬಂದಾಗ ಅಚ್ಚಾದ ಪುಟ ನೋಡುವ ಆಸೆಯಾಗಿ, ಪುಸ್ತಕ ತೆರೆದು ಪಕ್ಕದಲ್ಲಿಟ್ಟಳು.

ನೋಡಿದಳು. ಮತ್ತೆ ನೋಡಿದಳು. ಮೂಲವನ್ನು ಪುಟದ ಪಕ್ಕಕ್ಕೆ ಎಳೆದುಕೊಂಡಳು.

ಮೂಲದಲ್ಲಿ ಎಡಕ್ಕಿದ್ದದ್ದು ತೋಳಹಾವು, ವಿಷವಿಲ್ಲದ್ದು, ಬಲಕ್ಕಿದ್ದದ್ದು ಕಟ್ಟುಹಾವು, ಕಚ್ಚಿದರೆ ಜೀವ ತೆಗೆಯುವಂಥದ್ದು. ಎರಡಕ್ಕೂ ಕಪ್ಪು ಮೈ, ಬಿಳಿ ಪಟ್ಟೆ. ತೋಳಹಾವಿನ ಪಟ್ಟೆ ಕತ್ತಿನ ಕಡೆ ಎದ್ದು ಕಂಡು ಬಾಲದತ್ತ ಮಾಸುತ್ತದೆ, ಕಟ್ಟುಹಾವಿನದು ಕತ್ತಿನ ಕಡೆ ಮಾಸಿ ಬಾಲದತ್ತ ಎದ್ದು ಕಾಣುತ್ತದೆ. ಅಚ್ಚಾದ ಪುಟದಲ್ಲಿ ಕಟ್ಟುಹಾವು ಎಡಕ್ಕೆ ಬಂದು ಮಲಗಿತ್ತು. ಕೆಳಗಿನ ಬರಹ ಮಾತ್ರ ಇದ್ದಲ್ಲೇ ಇತ್ತು: "ಎಡಗಡೆಯದು ಬಡಪಾಯಿ. ವಿಷವಿಲ್ಲ. ಮನೆಯೊಳಗೆ ಬಂದರೆ ಹೊಡೆಯಬೇಡಿ. ಮೇಲೆ ಬಟ್ಟೆ ಹಾಕಿ, ಮೆಲ್ಲಗೆ ಎತ್ತಿ, ಹೊರಗೆ ಬಿಡಿ."

ಹೇಗಾಯಿತೆಂದು ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಪುಟದೊಳಗಿನ ಜೀವ ಪುಸ್ತಕದ ಮಡಿಕೆಯ ಕಡೆಗೇ ಮುಖ ಮಾಡಿರಬೇಕು ಎಂಬುದು ಆ ಪ್ರೆಸ್ಸಿನ ನೇಮ. ಹಕ್ಕಿ ಪುಟದ ಅಂಚಿನತ್ತ ನೋಡಿದರೆ ಮಗುವಿನ ಕಣ್ಣೂ ಹಾಗೇ ಹಾರಿಹೋಗುತ್ತದೆ ಎನ್ನುತ್ತಿದ್ದರು ಯಜಮಾನರು. ಕಡೆಯ ಗಳಿಗೆಯಲ್ಲಿ ಅವರು ಮುನ್ನುಡಿಗೆಂದು ಒಂದು ಪುಟ ಸೇರಿಸಿದ್ದರು. ಅದರಿಂದ ಎಡದ ಪುಟವೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ ಬಂದು, ಒಳಗೆ ನೋಡುತ್ತಿದ್ದ ಜೀವಗಳೆಲ್ಲ ಹೊರಗೆ ಮುಖ ಮಾಡಿಬಿಟ್ಟವು. ಆಗ ಪುಟದಕ್ಕ ಒಂದೇ ಉಸಿರಿಗೆ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ಮಗುಚಿದಳು. ಆಮೇಲೆ ಪ್ರೂಫ್ ನೋಡಿದವರೆಲ್ಲ ಅಕ್ಷರ ಓದಿದರು. ಚಿತ್ರವನ್ನು ಯಾರೂ ಓದಲಿಲ್ಲ.

"ಒಂದು ತಿದ್ದುಪಡಿ ಚೀಟಿ ಅಂಟಿಸಿದ್ರಾಯ್ತಮ್ಮ," ಎಂದರು ಯಜಮಾನರು ಫೋನಿನಲ್ಲಿ. "ಮಳೆ ಅಂತ ಶಾಲೆಗೆ ಇವತ್ತು ರಜಾ. ಬೀಗ ಹಾಕಿದೆ. ನಾಳೆ ನೋಡೋಣ."

"ನಾಳೆ ತನಕ ಹಾವು ಬಿಲದಲ್ಲೇ ಇರುತ್ತಾ ಸರ್? ಬೀದೀಲಿ ನೀರು ನಿಂತಿದೆ."

"ಗೋದಾಮಿಗೆ ಬೀಗ ಹಾಕಿಸ್ತೀನಿ," ಎಂದರು ಅವರು. "ಹೋದ ಪುಸ್ತಕದ್ದು ನೀನೇ ನೋಡು."

ಶಾಲೆಯ ಆಯಾ ಶಾಲೆಯ ಹಿಂದೆಯೇ ಮನೆ ಮಾಡಿಕೊಂಡಿದ್ದಳು, ಪುಟದಕ್ಕ ಅಲ್ಲಿಗೆ ಓಡಿದಳು. ಯಾವ ಮಗು ಯಾವ ಸಂದಿಯಿಂದ ಬರುತ್ತದೆ, ಯಾವ ಮಗುವಿನ ಅಮ್ಮ ಜಗಳಗಂಟಿ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಮಾತು ಪೂರ್ತಿ ಕೇಳುವ ಮೊದಲೇ ಛತ್ರಿ ತೆಗೆದುಕೊಂಡಳು.

"ಪುಸ್ತಕ ಓದಿ ಉದ್ಧಾರ ಆಗ್ರೋ ಅಂತ ನಾನೇ ಕೈಗೆ ಕೈಗೆ ಹಂಚಿದ್ದೆ," ಎಂದಳು. "ಅದ್ರಲ್ಲಿ ಯಮನ ವಿಳಾಸ ಅಚ್ಚು ಹಾಕಿದ್ದೀರ ಅಂತ ನಂಗೇನು ಗೊತ್ತು? ನಡಿ, ನಡಿ. ಅಳೋದು ಆಮೇಲೆ ಅಳುವಂತೆ."

ಮನೆ ಮನೆ ಹತ್ತಿ ಇಳಿದರು. ಪುಟದಕ್ಕ ಪೆನ್ನಿನಿಂದ 'ಎಡ' ಹೊಡೆದು 'ಬಲ' ಎಂದು ಬರೆದಳು, ಮಕ್ಕಳಿಗೆ ತೋರಿಸಿ ಹೇಳಿದಳು, ದೊಡ್ಡವರ ಕೈ ಹಿಡಿದು ಹೇಳಿದಳು. ಒಂದು ಮನೆಯಲ್ಲಿ ಪುಸ್ತಕ ಇನ್ನೂ ಚೀಲದೊಳಗೇ ಇತ್ತು. ಮಗುವಿನ ತಾಯಿ ಹೆಮ್ಮೆಯಿಂದಲೇ ಹೇಳಿದಳು, "ನಮ್ಮೋನು ಪುಸ್ತಕ ಮುಟ್ಟೋದೇ ಇಲ್ಲ ಬಿಡಿ, ನೀವೇನೂ ಹೆದರ್ಕೋಬೇಡಿ." ಆಯಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಪುಟದಕ್ಕನಿಗೆ ನಗು ಬರಲಿಲ್ಲ. ಓದದ ಮಕ್ಕಳು ಅವಳಿಗೆ ಮೊದಲ ಸಲ ಸಮಾಧಾನ ತಂದಿದ್ದರು. ಅದೇ ಅವಳ ಎದೆಗೆ ಚುಚ್ಚಿತು.

ಕಡೆಯದಾಗಿ ತಗ್ಗಿನ ಬೀದಿಯ ದರ್ಜಿಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಕೆಳಗೆ ಚಿಂದಿ ಬಟ್ಟೆಯ ಗುಡ್ಡೆ. ತಾಯಿಯಿಲ್ಲದ ಹುಡುಗಿ, ಬೀದಿಯವರಿಗೆಲ್ಲ ಅವಳು ಗುಬ್ಬಿ. ಹೊಸ್ತಿಲಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಪಕ್ಕದಲ್ಲಿ ಪುಸ್ತಕ, ಹಾವಿನ ಪುಟಕ್ಕೇ ತೆರೆದುಕೊಂಡು.

"ಪುಟ್ಟಿ, ಅಪ್ಪ ಎಲ್ಲಿ?" ಎಂದಳು ಪುಟದಕ್ಕ.

"ನೂಲು ತರಕ್ಕೆ ಹೋಗಿದಾರೆ." ಹುಡುಗಿ ಆಯಾಳನ್ನು ನೋಡಿದ್ದೇ ಎದ್ದು ನಿಂತಳು. "ಆಯಮ್ಮಾ, ನಮ್ಮನೇಗೆ ನೆರೆಯವ್ರು ಬಂದಿದ್ರು! ಚಿಂದಿ ಒಳಗೆ ಮಲಗಿತ್ತು. ಪುಸ್ತಕ ತಂದು ನೋಡ್ದೆ. ಬಾಲದ ಕಡೆ ಪಟ್ಟೆ ಚೆನ್ನಾಗಿ ಕಾಣ್ತಿತ್ತು, ಎಡಗಡೇದೇ. ಬಡಪಾಯಿ. ಬಟ್ಟೆ ಹಾಕಿ, ಮೆಲ್ಲಗೆ ಎತ್ತಿ, ಹಿಂದಗಡೆ ಕಲ್ಲಿನ ಹತ್ರ ಬಿಟ್ಬಂದೆ. ಎಷ್ಟು ತಣ್ಣಗಿತ್ತು ಗೊತ್ತಾ?"

ಪುಟದಕ್ಕ ಹೊಸ್ತಿಲ ಮೇಲೆಯೇ ಕೂತಳು. "ಕಚ್ಚಿತೇನಮ್ಮಾ?"

"ಇಲ್ಲ. ಕಚ್ಚಿದ್ರೆ ನೋಯ್ತಿತ್ತಲ್ವಾ?"

ನೋಯುವುದಿಲ್ಲ. ಅದೇ ಪುಸ್ತಕದ ಮುಂದಿನ ಸಾಲನ್ನು ಪುಟದಕ್ಕ ತನ್ನ ಕೈಯಾರೆ ಜೋಡಿಸಿದ್ದಳು: ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಹುಡುಗಿಯ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ತುದಿಗಳ ತುಂಬ ಸಣ್ಣ ಸಣ್ಣ ಚುಚ್ಚು ಗುರುತು. ದಿನವೂ ಸೂಜಿ ಹಿಡಿಯುವ ಮಗು. ಯಾವುದು ಸೂಜಿಯದು, ಯಾವುದು ಹಲ್ಲಿನದು?

ಅಷ್ಟರಲ್ಲಿ ದರ್ಜಿ ಬಂದ. ಆಯಾ ಮುಚ್ಚಿಡದೆ ಹೇಳಿದಳು. ಅವನ ಕೈಯ ನೂಲಿನ ಪೊಟ್ಟಣ ನೆಲಕ್ಕೆ ಬಿತ್ತು. ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನೀರಿನಲ್ಲೇ ಓಡಿದ. ಪುಟದಕ್ಕ ಪುಸ್ತಕವನ್ನು ಎದೆಗವಚಿಕೊಂಡು ಹಿಂದೆ ಓಡಿದಳು. ಯಾವ ಹಾವೆಂದು ವೈದ್ಯರಿಗೆ ತೋರಿಸಬೇಕಲ್ಲ.

ಆಸ್ಪತ್ರೆಯ ವೈದ್ಯೆ ಚಿತ್ರ ನೋಡಿದರು, ಹುಡುಗಿಯ ಕೈ ನೋಡಿದರು. "ಮಲಗಿಸಿ. ರಕ್ತ ತಗೋತೀವಿ. ಇದರ ವಿಷ ಮೊದಲು ಕಣ್ಣೆವೆಗೆ ಬರುತ್ತೆ. ಎವೆ ಜೋತುಬಿದ್ರೆ, ಮಾತು ತೊದಲಿದ್ರೆ, ನುಂಗೋಕಾಗದಿದ್ರೆ ಕೂಗಿ. ಔಷಧ ಇಲ್ಲೇ ಇದೆ. ಲಕ್ಷಣ ಕಾಣದೆ ಹಾಕಿದ್ರೆ ಅದೇ ಮೈಗೆ ಆಗದೇ ಹೋಗ್ಬೋದು. ಕಾಯೋದೇ ಕೆಲಸ."

ಕಾಯುವುದು ಎಂದರೆ ಮಗುವಿನ ಎರಡು ಎವೆಗಳನ್ನು ನೋಡುತ್ತ ಕೂರುವುದು. ದರ್ಜಿ ಒಂದು ಬದಿ, ಪುಟದಕ್ಕ ಇನ್ನೊಂದು ಬದಿ. ಲೋಕವೆಲ್ಲ ಕುಗ್ಗಿ ಆ ಎರಡು ಎವೆಗಳಷ್ಟಾಯಿತು. ಅವಳು ದೇವರನ್ನು ಕರೆದಳು. ಆದರೆ ಏನೆಂದು ಬೇಡುವುದು? ಈ ಕೂಸು ನಿನ್ನ ಹಾವನ್ನು ಕಾಪಾಡಿದೆ, ನೀನು ಕೂಸನ್ನು ಕಾಪಾಡು ಎಂದೇ? ಹಾವು ಮಾಡಿದ್ದೂ ಅವನೇ. ಅವನು ಮಾಡಿದ್ದನ್ನು ಮಗುಚಿದವಳು ತಾನು. ತನ್ನ ತಪ್ಪನ್ನು ಅವನ ಮೇಲೆ ಹೊರಿಸಿ ಬೇಡಲು ಬಾಯಿ ಏಳಲಿಲ್ಲ. ಬರಿದೆ ಅವನ ಹೆಸರು ಹೇಳುತ್ತ ಕೂತಳು.

ಮಧ್ಯಾಹ್ನದ ಹೊತ್ತಿಗೆ ದರ್ಜಿ ಬಾಯಿ ಬಿಟ್ಟ. ದನಿ ಏರಿಸಲಿಲ್ಲ.

"ಅಳತೆ ತಪ್ಪಾದ್ರೆ ನಾನು ಬಿಚ್ಚಿ ಹೊಲಿತೀನಿ. ಇದನ್ನ ಹೇಗಮ್ಮ ಬಿಚ್ತೀರ?"

ಅವಳು ಹುಡುಗಿಯ ಹೊದಿಕೆ ಸರಿಮಾಡಿದಳು.

"ಅವಳಮ್ಮ ಇದ್ದಿದ್ರೆ ಹಾವು ಅಂದಕೂಡ್ಲೆ ಕಿರುಚಿ ಓಡಿ ಹೋಗು ಅಂತ ಕಲಿಸ್ತಿದ್ಲು. ಇವಳು ಪುಸ್ತಕದ ಮಾತು ಕೇಳಿದ್ಲು. ನಾನೂ ಅಂದೆ, ಅಚ್ಚಾಗಿದೆ ಅಂದ್ಮೇಲೆ ನಿಜಾನೇ ಇರುತ್ತೆ, ಓದು ಅಂತ." ಅವನು ಮಗಳ ಕೈ ಮೇಲೆ ಕೈಯಿಟ್ಟ. "ಇನ್ನು ನಮ್ಮನೆ ಹೊಸ್ತಿಲೊಳಗೆ ಪುಸ್ತಕ ಬೇಡ."

"ಅಪ್ಪಾ," ಎಂದಳು ಗುಬ್ಬಿ.

ಇಬ್ಬರೂ ಬಾಗಿದರು. ದನಿ ತೊದಲಿತೇ? ಎವೆ ಅರ್ಧ ಇಳಿದಿತ್ತು. ಪುಟದಕ್ಕ ಎದ್ದು ಕೂಗಿದಳು. ಅವಳ ಕೂಗಿಗೆ ಇಡೀ ಕೋಣೆ ಎದ್ದು ಕೂತಿತು. ವೈದ್ಯೆ ಓಡಿ ಬಂದರು. ಬೆರಳು ಎತ್ತಿ ಹಿಡಿದರು. "ಇದನ್ನೇ ನೋಡಮ್ಮ. ಮೇಲೆ. ಇನ್ನೂ ಮೇಲೆ. ಕಣ್ಣು ಮುಚ್ಚಬಾರದು." ಹುಡುಗಿ ಬೆರಳನ್ನೇ ದುರುಗುಟ್ಟಿ ನೋಡಿದಳು. ಎವೆ ಏರಿತು. ನಿಂತಿತು. ನಿಂತೇ ಇತ್ತು.

"ನಿದ್ದೆ," ಎಂದರು ವೈದ್ಯೆ ಕಡೆಗೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಈ ಮಗು. ಆದ್ರೂ ಕಾಯೋಣ."

ಆ ಇರುಳು ಹೇಗೆ ಕಳೆಯಿತೆಂದು ಕಾದವರಿಗೇ ಗೊತ್ತು. ಹೇಳಲು ಹೋದರೆ ಅದು ಇನ್ನಷ್ಟು ಉದ್ದವಾಗುತ್ತದೆ. ಬೆಳಕು ಹರಿದಾಗ ವೈದ್ಯೆ ಬಂದು ಮತ್ತೆ ಬೆರಳು ಎತ್ತಿ ನೋಡಿ, ಮನೆಗೆ ಹೋಗಬಹುದು ಎಂದರು. ಹಾವು ಕಚ್ಚಲಿಲ್ಲವೋ, ಕಚ್ಚಿಯೂ ವಿಷ ಬಿಡಲಿಲ್ಲವೋ, ಹೇಳುವವರು ಯಾರು? ಅದು ಕಲ್ಲಿನ ಕೆಳಗೆ ಹೋಗಿತ್ತು. ದರ್ಜಿ ಕಿಟಕಿಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗಿತು.

ಪುಟದಕ್ಕ ಮಂಚದ ಅಂಚಿಗೆ ಕೂತು, ಇದ್ದದ್ದನ್ನು ಇದ್ದಂತೆ ಗುಬ್ಬಿಗೆ ಹೇಳಿದಳು. ಮುನ್ನುಡಿ, ಮಡಿಕೆ, ಮಗುಚಿದ್ದು, ಎಲ್ಲವನ್ನೂ.

ಹುಡುಗಿ ಪುಸ್ತಕ ತೆಗೆದು ಒಂದೊಂದೇ ಪುಟ ತಿರುವಿದಳು. "ಎಲ್ಲಾನೂ ಮಗುಚಿದ್ರಾ?"

"ಎಲ್ಲಾನೂ."

"ಇದೂನಾ?" ಬಸವನಹುಳುವಿನ ಪುಟ. "ಚಿಪ್ಪು ಈ ಕಡೆ ಸುತ್ತುತ್ತಾ, ಆ ಕಡೆ ಸುತ್ತುತ್ತಾ?"

ಪುಟದಕ್ಕ ಬಾಯಿ ತೆರೆದಳು. ಆ ಹುಳುವನ್ನು ಅದೆಷ್ಟು ಪುಸ್ತಕಗಳಲ್ಲಿ ಕೂರಿಸಿದ್ದಳು! "ಗೊತ್ತಿಲ್ಲ ಪುಟ್ಟಿ," ಎಂದಳು. "ನಾನು ಯಾವತ್ತೂ ನೋಡೇ ಇಲ್ಲ."

"ಮತ್ತೆ ಪುಸ್ತಕ ಹೇಗೆ ಮಾಡ್ತೀರ?"

ಕಿಟಕಿಯ ಬಳಿಯಿದ್ದ ದರ್ಜಿ ತಿರುಗಿದ. ಪುಟದಕ್ಕ ಕಣ್ಣೊರೆಸಿಕೊಂಡಳು. ಗುಬ್ಬಿ ಪುಸ್ತಕ ಮುಚ್ಚಿ ಅವಳ ತೊಡೆಯ ಮೇಲಿಟ್ಟಳು.

"ನೋಡಿ ಸರಿ ಮಾಡ್ಕೊಡಿ. ಆದ್ರೆ ನಂದೇ ವಾಪಸ್ ಕೊಡ್ಬೇಕು, ಬೇರೇದಲ್ಲ."

"ಗುಬ್ಬಿ, ಏನಂದೆ ನಾನು?" ಎಂದ ದರ್ಜಿ.

"ಅಪ್ಪಾ, ಪಟ್ಟೆ ಬಾಲದ ಕಡೆ ಇದ್ದಿದ್ದು ನಾನು ಸರಿಯಾಗೇ ನೋಡಿದ್ದೆ. ನಂದು ತಪ್ಪಿಲ್ಲ."

ದರ್ಜಿ ಮತ್ತೆ ಬೇಡವೆನ್ನಲಿಲ್ಲ.

ಗೋದಾಮಿನ ಪುಸ್ತಕಗಳು ಗೋದಾಮಿನಲ್ಲೇ ಉಳಿದವು. ಯಜಮಾನರು ಮೊದಲು ಗೊಣಗಿದರು, ಆಸ್ಪತ್ರೆಯ ಸುದ್ದಿ ಕೇಳಿದ ಮೇಲೆ ಗೊಣಗಲಿಲ್ಲ. ಪುಟದಕ್ಕ ಚಿತ್ರಕಾರರ ಮನೆಗೆ ಹೋದಳು, ಮೂಲಗಳನ್ನು ಬಿಚ್ಚಿಸಿ ಒಂದೊಂದನ್ನೇ ಹೋಲಿಸಿದಳು. ಅದೂ ಸಾಲದೆನಿಸಿ ಒದ್ದೆ ಗೋಡೆಗಳ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಹುಡುಕಿದಳು. ದಾರಿಹೋಕರು ಏನು ಕಳಕೊಂಡ್ರಿ ಎಂದು ಕೇಳಿದರು. ಬಸವನಹುಳುವಿನ ಬರಿ ಚಿಪ್ಪೊಂದು ಸಿಕ್ಕಾಗ ತುದಿ ಮೇಲೆ ಮಾಡಿ ಹಿಡಿದಳು: ಬಾಯಿ ಬಲಕ್ಕಿತ್ತು. ಇನ್ನೊಂದನ್ನು ಹಿಡಿದಳು. ಅದೂ ಬಲಕ್ಕೆ. ಪುಸ್ತಕದಲ್ಲಿ ಅದು ಎಡಕ್ಕಿತ್ತು. ಇಷ್ಟು ವರ್ಷ ಆ ಜೀವಗಳು ಎಲ್ಲರ ಗೋಡೆಯ ಮೇಲೂ ಒಂದೇ ಬದಿಗೆ ಚಿಪ್ಪು ಸುತ್ತಿಕೊಂಡು ಕೂತು, ನೋಡುವವರಿಗಾಗಿ ಕಾದಿದ್ದವು.

ತಿದ್ದಿ ಮುಗಿದ ದಿನ ಬೀದಿಯ ನೀರು ಇಳಿದಿತ್ತು. ದರ್ಜಿ ಯಂತ್ರ ತುಳಿಯುತ್ತಿದ್ದವನು ಅವಳನ್ನು ಕಂಡು ಕಾಲು ನಿಲ್ಲಿಸಿದ. ಬಾ ಎನ್ನಲಿಲ್ಲ, ಮೇಜಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಗುಬ್ಬಿ ಬಂದು ಅವಳ ಎದುರು ನಿಂತಳು.

ಪುಟದಕ್ಕ ಎರಡೂ ಕೈಯಲ್ಲಿ ಹಿಡಿದು, ಪುಸ್ತಕವನ್ನು ಅವಳಿಗೆ ವಾಪಸು ಕೊಟ್ಟಳು.