ಕೊನೆ ಮನೆಯ ನಲ್ಲಿ

ಚಾಮರಾಜಪೇಟೆಯ ಒಂದು ಕ್ರಾಸು. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ಕಾವೇರಿ ನೀರು ಬಿಡುತ್ತಾರೆ. ಬಿಡುತ್ತಾರೆ ಅನ್ನುವುದು ಹೆಸರಿಗೆ ಅಷ್ಟೆ. ರಸ್ತೆಯ ಕೊನೆಯಲ್ಲಿರುವ ರಂಗನಾಯಕಮ್ಮನ ಮನೆಗೆ ಮೂರು ವಾರದಿಂದ ಒಂದು ಬಿಂದಿಗೆ ನೀರೂ ಬಂದಿಲ್ಲ. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತದೆ.

ಗಾಳಿ ಕುಡಿದು ಬದುಕಲು ಅವರೇನು ತಪಸ್ಸಿಗೆ ಕೂತಿದ್ದಾರೆಯೇ? ಗಂಡ ರಾಮಸ್ವಾಮಿಗೆ ಲಕ್ವ ಹೊಡೆದು ವರ್ಷವಾಯಿತು. ಹಾಸಿಗೆಯಲ್ಲೇ ಎಲ್ಲ. ದಿನಾ ಮೈ ತೊಳೆಯಬೇಕು, ಬಟ್ಟೆ ಬದಲಾಯಿಸಬೇಕು, ಆ ಬಟ್ಟೆಯನ್ನು ಒಗೆಯಬೇಕು. ಈಗ ಬೆನ್ನಿನ ಮೇಲೆ ಹುಣ್ಣಾಗಿದೆ. "ಕ್ಲೀನಾಗಿಡಿ, ಇಲ್ಲಾಂದ್ರೆ ಕೀವಾಗುತ್ತೆ, ಆಸ್ಪತ್ರೆಗೇ ಸೇರಿಸ್ಬೇಕಾಗುತ್ತೆ" ಎಂದು ಡಾಕ್ಟರು ಹೇಳಿ ಹೋಗಿದ್ದಾರೆ. ಯಾವ ನೀರಿನಲ್ಲಿ ಕ್ಲೀನಾಗಿಡುವುದು ಎಂದು ಅವರು ಹೇಳಲಿಲ್ಲ.

ಅದೇ ರಸ್ತೆಯಲ್ಲಿ ನಾಲ್ಕು ಮನೆ ಈಚೆಗೆ ಗಿರಿಜಾಂಬಾ ಇದ್ದಾರೆ. ಅಕ್ಕಿಪೇಟೆಯಲ್ಲಿ ತಲೆತಲಾಂತರದಿಂದ ಅಕ್ಕಿ ಮಂಡಿ ನಡೆಸಿಕೊಂಡು ಬಂದ ಮನೆತನದ ಹಿರಿಯಾಕೆ. ಅನ್ಯಾಯ ಕಂಡರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಡುವ ಹೆಂಗಸು. ರಂಗನಾಯಕಮ್ಮ ಈ ವಯಸ್ಸಿನಲ್ಲಿ ಬೀದಿ ಬೀದಿ ಬಿಂದಿಗೆ ಹೊತ್ತು ತಿರುಗುವುದನ್ನು ನೋಡಿ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯೆಲ್ಲ ಒಬ್ಬನ ಮೇಲೆ. ವಾಲ್ವ್ ತಿರುಗಿಸಿ ರಸ್ತೆಗೆ ನೀರು ಬಿಡುವ ವಾಟರ್‌ಮ್ಯಾನ್ ಆಂಜಿನಯ್ಯನ ಮೇಲೆ. ಲಂಚ ತಿಂದು ನಮ್ಮ ನೀರನ್ನು ಪಕ್ಕದ ಕ್ರಾಸಿಗೆ ತಿರುಗಿಸುತ್ತಿದ್ದಾನೆ ಎಂದು ತಾವೇ ತೀರ್ಮಾನ ಮಾಡಿದರು. ದೂರು ಬರೆದರು. ಮನೆ ಮನೆ ತಿರುಗಿ ಸಹಿ ಹಾಕಿಸಿದರು.

ಗುರುವಾರ ಬೆಳಿಗ್ಗೆ ಆರೂಕಾಲಕ್ಕೆ ಆಂಜಿನಯ್ಯನನ್ನು ರಂಗನಾಯಕಮ್ಮನ ಮನೆಗೇ ಎಳೆದುಕೊಂಡು ಹೋದರು.

"ಬಾರಯ್ಯಾ ಇಲ್ಲಿ. ಎಲ್ಲಿ, ತಿರುಗಿಸು ನಲ್ಲಿ. ನಿನ್ನ ಕಣ್ಣಾರೆ ನೋಡು."

ಆಂಜಿನಯ್ಯ ತಿರುಗಿಸಿದ. ಬುಸ್ ಎಂದಿತು.

"ಅಮ್ಮಾವ್ರೆ, ನಾನು ವಾಲ್ವ್ ಪೂರ್ತಿ ತಿರುಗ್ಸಿದೀನಿ. ಲೈನಲ್ಲಿ ನೀರೈತೆ."

"ಐತಾ? ಎಲ್ಲಯ್ಯಾ ಐತೆ? ನಿನ್ನ ಜೇಬಲ್ಲಾ? ಒಳಗೆ ಹೋಗಿ ಆ ಮನುಷ್ಯನ ಬೆನ್ನು ನೋಡ್ಕೊಂಡು ಬಾ, ಆಮೇಲೆ ಮಾತಾಡು. ಹನ್ನೊಂದು ಗಂಟೆಗೆ ಎಂಜಿನಿಯರ್ ಟೇಬಲ್ ಮೇಲೆ ಈ ದೂರು ಇಡ್ತೀನಿ. ನಿನ್ನ ಕೆಲ್ಸ ಹೋದ್ರೆ ನನ್ನ ಅನ್ಬೇಡ."

ಆಂಜಿನಯ್ಯ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ರಾಮಸ್ವಾಮಿಯ ಕೋಣೆಯ ಫ್ಯಾನು ನಿಂತಿತು.

"ಇದೊಂದು ಬಾಕಿ ಇತ್ತು" ಎಂದು ಗಿರಿಜಾಂಬಾ ಗೊಣಗಿದರು.

ಆಗ ನಲ್ಲಿ ಕೆಮ್ಮಿತು. ಮೊದಲು ಕೆಂಪು ನೀರು ನಾಲ್ಕು ಹನಿ ಉಗುಳಿತು. ಆಮೇಲೆ ಬಂತು ನೋಡಿ ನೀರು, ಬೆರಳು ಗಾತ್ರ, ಮುಂಗೈ ಗಾತ್ರ! ರಂಗನಾಯಕಮ್ಮ "ಅಯ್ಯೋ ಭಗವಂತಾ" ಎನ್ನುತ್ತ ಬಿಂದಿಗೆ ಹಿಡಿದರು, ಬಕೆಟ್ ಹಿಡಿದರು, ಕೊನೆಗೆ ಅಡುಗೆಮನೆಯ ಕುಕ್ಕರನ್ನೂ ತಂದು ಹಿಡಿದರು. ಎಂಟು ನಿಮಿಷ ಬಂದಿರಬಹುದು. ಕರೆಂಟು ಬಂತು, ಫ್ಯಾನು ತಿರುಗಿತು. ನೀರು ದಾರದಷ್ಟು ಸಣ್ಣಗಾಗಿ ನಿಂತೇಹೋಯಿತು.

"ನಲ್ಲಿ ಬಾಯಿಗೆ ಅಂಗೈ ಇಡಿ ಅಮ್ಮಾವ್ರೆ" ಎಂದ ಆಂಜಿನಯ್ಯ.

ಗಿರಿಜಾಂಬಾ ಇಟ್ಟರು. ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಅಂಗೈ ನಲ್ಲಿಗೆ ಅಂಟಿಕೊಂಡಿತು. ಕೈ ಕಿತ್ತುಕೊಳ್ಳಬೇಕಾಯಿತು.

"ಏನಯ್ಯಾ ಇದು?"

"ಮೋಟರು. ಯಾರೋ ರೋಡ್ ಲೈನಿಗೇ ಡೈರೆಕ್ಟಾಗಿ ಮೋಟರ್ ಕೊಟ್ಟವ್ರೆ. ಕರೆಂಟ್ ಹೋದಾಗ ನೀರು ಬಂತು, ಕರೆಂಟ್ ಬಂದಾಗ ಹೋಯ್ತು. ನೀರೊಂದೇ ಎಳ್ದಿದ್ರೆ ಬೇರೆ ಮಾತು. ಪೈಪಲ್ಲಿ ಸಣ್ಣ ತೂತಿದ್ರೂ ಸಾಕು, ಪಕ್ಕದ ಮೋರಿ ನೀರನ್ನೂ ಒಳಕ್ಕೆ ಎಳ್ಕೊಳ್ತದೆ. ಅದನ್ನೇ ರಸ್ತೆಯೋರೆಲ್ಲಾ ಕುಡಿಯೋದು. ವಾಂತಿ ಭೇದಿ ಸುಮ್ನೆ ಬರ್ತದಾ? ಎರಡ್ ಸಲ ಚೆಕ್ ಮಾಡಕ್ ಬಂದೆ, ಒಬ್ರೂ ಗೇಟ್ ತೆಗೀಲಿಲ್ಲ."

"ಯಾವ ಕಳ್ಳ ಅದು? ಈಗ್ಲೇ ಹುಡುಕು! ಯಾರು ಗೇಟ್ ತೆಗೆಯಲ್ವೋ ನಾನೂ ನೋಡ್ತೀನಿ" ಎಂದು ಗಿರಿಜಾಂಬಾ ಮುಂದೆ ನಡೆದರು.

ಆಂಜಿನಯ್ಯನ ಹತ್ತಿರ ಒಂದು ಕಬ್ಬಿಣದ ಸರಳಿತ್ತು. ಪ್ರತಿ ಮನೆಯ ಮೀಟರಿನ ಪೈಪಿಗೆ ಅದರ ಒಂದು ತುದಿ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು ಕೇಳುತ್ತ ಬಂದ. ಮೊದಲ ಮನೆ, ಇಲ್ಲ. ಎರಡನೆಯದು, ಇಲ್ಲ. ಮೂರನೆಯದೂ ಇಲ್ಲ. ನಾಲ್ಕನೆಯ ಮನೆಯಲ್ಲಿ ಬಗ್ಗಿದವನು ಏಳಲೇ ಇಲ್ಲ.

"ಏನಯ್ಯಾ, ಮೂಗನ ಥರ ಕೂತೆ? ಸಿಕ್ತಾ?"

"ಅಮ್ಮಾವ್ರೆ… ಇದು ನಿಮ್ಮನೆ."

"ನಾಲಿಗೆ ಬಿಗಿಹಿಡಿದು ಮಾತಾಡು!"

ಅವನು ಸರಳನ್ನು ಅವರ ಕೈಗೆ ಕೊಟ್ಟ. ಗಿರಿಜಾಂಬಾ ಕಿವಿಗಿಟ್ಟುಕೊಂಡರು. ಗುಂಯ್ ಎನ್ನುತ್ತಿತ್ತು. ಇನ್ನೊಬ್ಬರ ಎಲೆಯ ನೊಣ ಹುಡುಕಲು ಹೊರಟವರಿಗೆ ತಮ್ಮ ಎಲೆಯಲ್ಲೇ ಹೆಗ್ಗಣ ಸಿಕ್ಕಿತ್ತು. ಅವರು ದಡದಡನೆ ಒಳಗೆ ಹೋಗಿ ಮೆಟ್ಟಿಲ ಕೆಳಗಿನ ಬೀರು ತೆರೆದರು. ಖಾಲಿ ಗೋಣಿಚೀಲಗಳ ಹಿಂದೆ ಸಣ್ಣದೊಂದು ಮೋಟರು ಓಡುತ್ತಿತ್ತು. ಪ್ಲಗ್ ಕಿತ್ತೆಸೆದರು.

"ಕೇದಾರಾ!"

ಮಗ ಕೇದಾರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಇಳಿದು ಬಂದ.

"ಇದ್ಯಾವಾಗ ಹಾಕ್ಸಿದೆಯೋ?"

"ಮೂರು ವಾರ ಆಯ್ತು. ಯಾಕಮ್ಮ? ನೀನೇ ಕೇಳಿದ್ದಲ್ವಾ? ಸಂಪಿನಲ್ಲಿ ನಿಂತ ನೀರು ಲಿಂಗಪೂಜೆಗೆ ಆಗಲ್ಲ, ಮಹಡಿ ಮೇಲೆ ಪೂಜೆ ಕೋಣೆಗೇ ಹೊಸ ನೀರು ಬರ್ಬೇಕು ಅಂತ ಪ್ರಾಣ ತಿಂದೆ. ಮೋಟರ್ ಇಲ್ದೆ ನೀರೇನು ಮೆಟ್ಟಿಲು ಹತ್ಕೊಂಡ್ ಬರುತ್ತಾ? ಹೇಗೂ ಹಾಕ್ಸಿದೀನಲ್ಲ ಅಂತ ಮೇಲಿನ ಟ್ಯಾಂಕಿಗೂ ಕೊಟ್ಟೆ."

ಗಿರಿಜಾಂಬಾ ಕೆನ್ನೆಗೆ ಹೊಡೆಸಿಕೊಂಡವರಂತೆ ನಿಂತರು. ಮೂರು ವಾರದಿಂದ ನಲ್ಲಿಯ ಹೊಸ ನೀರಿನಲ್ಲಿ ಎಷ್ಟು ತೃಪ್ತಿಯಾಗಿ ಪೂಜೆ ಮಾಡಿದ್ದರು! ಅದೇ ಮೂರು ವಾರ ಆ ಕೊನೆ ಮನೆಯಲ್ಲಿ ರಾಮಸ್ವಾಮಿಯ ಬೆನ್ನು ಕೊಳೆಯುತ್ತಿತ್ತು.

ಕೇದಾರ್ ಸೋಲುವವನಲ್ಲ. "ಅದ್ರಲ್ಲೇನಿದೆ? ನಮಗೆ ಮೀಟರ್ ಇದೆ, ತಿಂಗಳು ತಿಂಗಳು ಬಿಲ್ ಕಟ್ತೀವಿ. ಮೋಟರ್ ನಮ್ದು, ಕರೆಂಟ್ ನಮ್ದು. ನಾವು ಬಿಟ್ರೆ ಇನ್ನೊಬ್ರು ಎಳ್ಕೋತಾರೆ."

ಬಾಗಿಲಲ್ಲಿದ್ದ ಆಂಜಿನಯ್ಯ ಅಲ್ಲಿಯವರೆಗೆ ಬೈಸಿಕೊಂಡೇ ಇದ್ದ. ಈ ಮಾತಿಗೆ ಅವನ ಮುಖ ಕೆಂಪಾಯಿತು.

"ಸಾರ್, ನಮ್ದು ಪಾವಗಡದ ಕಡೆ. ಮಳೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಊರಿಗೆಲ್ಲಾ ಒಂದೇ ಕೆರೆ. ನಮ್ ತಾತ ನೀರುಗಂಟಿ. ಕೆರೆ ತೂಬು ತೆಗೆಯೋದು, ಮುಚ್ಚೋದು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಹಂಚೋದು ಅವ್ರ ಕೆಲ್ಸ. ಅವ್ರಿಗೆ ಆ ಕೆರೆ ಕೆಳಗೆ ಒಂದು ಗುಂಟೆ ಗದ್ದೆನೂ ಇರ್ಲಿಲ್ಲ. ಸ್ವಂತ ಗದ್ದೆ ಇದ್ರೆ ಕೈ ಆ ಕಡೆ ಹೋಗ್ತದೆ ಅಂತ, ಇಲ್ದೋರನ್ನೇ ಇಡ್ತಿದ್ರು. ಗೌಡ್ರೇ ಆಗ್ಲಿ, ಶಾನುಭೋಗ್ರೇ ಆಗ್ಲಿ, ತೂಬು ಮುಟ್ಟಂಗಿಲ್ಲ. ನೀರು ಕಮ್ಮಿ ಇದ್ದ ವರ್ಷ ಎಲ್ರೂ ಅರ್ಧ ಗದ್ದೆನೇ ನಾಟಿ ಮಾಡ್ಬೇಕು. ಮೊದ್ಲ ನೀರು ಕಾಲುವೆ ಕೊನೆ ಗದ್ದೆಗೆ. ತೂಬಿನ ಪಕ್ಕದೋನು ಕಾಯ್ಬೇಕು."

"ಅದ್ಯಾವ ನ್ಯಾಯ? ಹತ್ರ ಇರೋನಿಗಲ್ವಾ ಮೊದ್ಲು?"

"ಹತ್ರ ಇರೋನಿಗೆ ಹೆಂಗಿದ್ರೂ ಸಿಗ್ತದೆ ಸಾರ್. ದೂರ ಇರೋನಿಗೂ ಸಿಗ್ಬೇಕಲ್ಲ. ಆಮೇಲೆ ಬೋರ್‌ವೆಲ್ ಬಂತು. ದುಡ್ಡಿದ್ದೋರು ಕೊರೆಸಿದ್ರು. ನನ್ ಜಮೀನು, ನನ್ ಮೋಟರು, ನನ್ ಕರೆಂಟು, ಕೇಳೋಕೆ ನೀನ್ಯಾರು ಅಂದ್ರು. ನೀವು ಈಗ ಅಂದ್ರಲ್ಲ, ಅದೇ ಮಾತು! ಇವನು ಇನ್ನೂರಡಿ ಹೋದ್ರೆ ಪಕ್ಕದೋನು ನಾನೂರು. ಕೆರೆ ಯಾರಿಗೂ ಬೇಡ್ದಂಗಾಯ್ತು, ಹೂಳು ತುಂಬ್ತು. ಬಡವ್ರ ಬಾವಿ ಮೊದ್ಲು ಬತ್ತಿದ್ವು. ಆಮೇಲೆ ದುಡ್ಡಿದ್ದೋರ ಬೋರಲ್ಲೂ ಧೂಳೇ ಬಂತು. ನೀರುಗಂಟಿ ಮೊಮ್ಮಗ ಮೆಜೆಸ್ಟಿಕ್ಕಲ್ಲಿ ಬಸ್ಸಿಳ್ದು ಇಲ್ಲಿ ವಾಲ್ವ್ ತಿರುಗಿಸ್ತಿದೀನಿ. ಇಲ್ಲೂ ಅದೇ ಕಥೆ. ನಿಮ್ ಬಿಲ್ಲು ನಿಮ್ ಪಾಲಿನ ನೀರಿಗೆ ಸಾರ್, ರಂಗನಾಯಕಮ್ನೋರ ಪಾಲಿಗಲ್ಲ. ಅವ್ರೂ ಬಿಲ್ ಕಟ್ತಾರೆ. ಗಾಳಿಗೆ ಕಟ್ತಾರೆ!"

ಗೇಟಿನ ಹತ್ತಿರ ರಂಗನಾಯಕಮ್ಮ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಮೂರು ವಾರ ಅವ್ರನ್ನ ಒದ್ದೆ ಬಟ್ಟೆಲಿ ಒರೆಸಿದೀನಿ ಗಿರಿಜಮ್ಮ" ಎಂದರು. "ದಿನಾ ಬಂದು ಅಯ್ಯೋ ಪಾಪ ಅಂತಿದ್ರಿ. ನನಗೆ ನಿಮ್ಮ ಪಾಪ ಬೇಕಿರ್ಲಿಲ್ಲ ಕಣ್ರೀ, ನನ್ನ ನೀರು ಬೇಕಿತ್ತು."

ಗಿರಿಜಾಂಬಾ "ತಪ್ಪಾಯ್ತು" ಎಂದರು. ಆಂಜಿನಯ್ಯನ ಕಡೆ ತಿರುಗಿ, "ನಿನಗೂ ಕಣಪ್ಪಾ, ಬಾಯಿಗೆ ಬಂದಂತೆ ಬೈದೆ" ಎಂದರು. ಆಮೇಲೆ ಮಗನಿಗೆ ಹೇಳಿದರು, "ಪ್ಲಂಬರ್‌ನ ಈಗ್ಲೇ ಕರಿ. ಇನ್ನೊಬ್ರ ನಲ್ಲಿಯಿಂದ ಕಿತ್ಕೊಂಡ ನೀರು ಅದ್ಯಾವ ಹೊಸ ನೀರು? ಸಂಪಿನ ನೀರಲ್ಲೇ ಪೂಜೆ ಮಾಡ್ತೀನಿ. ಪ್ಲಂಬರ್ ಬರೋವಷ್ಟ್ರಲ್ಲಿ ಟ್ಯಾಂಕ್ ನೀರು ತುಂಬ್ಕೊಂಡು ಅವ್ರ ಮನೆಗೆ ಹೊತ್ತು ಹಾಕು. ನೀನೇ ಹೊರ್ಬೇಕು."

ಕೇದಾರ್ ಹನ್ನೆರಡು ಬಿಂದಿಗೆ ಹೊತ್ತ. ಎರಡನೇ ಸಲಕ್ಕೆ ರಾಮಸ್ವಾಮಿಯ ಕೋಣೆಯ ವಾಸನೆ ಮೂಗಿಗೆ ಬಡಿಯಿತು. ಬೆನ್ನಿನ ಹುಣ್ಣನ್ನೂ ನೋಡಿದ. ಆಮೇಲೆ ಅವನು ಬಿಲ್ಲಿನ ಮಾತು ಎತ್ತಲಿಲ್ಲ. ಪ್ಲಂಬರ್ ಬಂದಾಗ ತಾನೇ ನಿಂತು ಮೋಟರ್ ಬಿಚ್ಚಿಸಿದ.

ಗಿರಿಜಾಂಬಾ ದೂರಿಗೆ ಸಹಿ ಹಾಕಿದವರ ಮನೆಗಳಿಗೆ ಮತ್ತೆ ಹೋದರು. "ಮೋಟರ್ ಇದ್ದದ್ದು ನಮ್ಮನೇಲೇ. ನಾವು ತೆಗೆಸಿದೀವಿ. ನಿಮ್ಮ ಬೀರು ತೆಗೀರಿ, ನೋಡೋಣ" ಎಂದರು. ಇನ್ನೂ ಎರಡು ಮನೆಯಲ್ಲಿ ಸಿಕ್ಕಿತು. ಒಬ್ಬರು ಜಗಳಕ್ಕೆ ನಿಂತರು. ಗಿರಿಜಾಂಬಾ ಅವರಿಗಿಂತ ಜೋರಾಗಿ ನಿಂತರು. ಶನಿವಾರ ಬೆಳಿಗ್ಗೆ ಆರೂಕಾಲಕ್ಕೆ ಕೊನೆ ಮನೆಯ ನಲ್ಲಿಯಲ್ಲಿ ನೀರು ಬಂತು, ಕರೆಂಟು ಇದ್ದಾಗಲೇ ಬಂತು. ರಂಗನಾಯಕಮ್ಮ ಗಂಡನ ಮೈಯನ್ನು ಬಿಸಿನೀರಲ್ಲಿ ತೊಳೆದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಮಾತು. ರಸ್ತೆಯ ಲೈನಿಗೆ ನೇರವಾಗಿ ಮೋಟರ್ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ನೀರು ತನ್ನ ಪಾಡಿಗೆ ಸಂಪಿಗೆ ಬೀಳಲಿ, ಅಲ್ಲಿಂದ ಮೇಲಿನ ಟ್ಯಾಂಕಿಗೆ ಎಷ್ಟು ಬೇಕಾದರೂ ಮೋಟರ್ ಓಡಿಸಿ, ಯಾರೂ ಕೇಳುವುದಿಲ್ಲ. ನೀರು ಬಾರದಿದ್ದರೆ ವಾಟರ್‌ಮ್ಯಾನ್ ಮೇಲೆ ಎಗರುವ ಮೊದಲು ಮನೆಯ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿ. ಪೈಪು ಪರೀಕ್ಷೆಗೆ ಬಂದವರಿಗೆ ಗೇಟು ತೆಗೆಯಿರಿ. ಎಲ್ಲರೂ ಹಾಕಿದ್ದಾರೆ ಎಂಬ ನೆಪ ಬೇಡ. ಆ ಎಲ್ಲರಲ್ಲಿ ನೀವೂ ಒಬ್ಬರು.

ನಾಳೆ ನೀರು ಬಿಡುವ ಹೊತ್ತಿಗೆ ನಿಮ್ಮ ಮೆಟ್ಟಿಲ ಕೆಳಗೆ ಗುಂಯ್ ಎಂಬ ಸದ್ದು ಕೇಳಿದರೆ, ನಿಮ್ಮ ರಸ್ತೆಯ ಕೊನೆಯ ಮನೆಯವರೆಗೆ ಒಮ್ಮೆ ನಡೆದು ಹೋಗಿ. ಅಲ್ಲಿ ಖಾಲಿ ಬಿಂದಿಗೆ ಹಿಡಿದು ಯಾರು ನಿಂತಿದ್ದಾರೆ, ಅವರ ಮುಖ ನೋಡಿ. ವಾಪಸ್ ಬಂದು ಆ ಪ್ಲಗ್ ಕಿತ್ತುಹಾಕಿ.