ವಿಳಾಸ ಬೇಡವೆಂದವರ ಕೋಟು

ನೈಲಾನೇ ಇದು, ಬೆರಳಿಗೆ ಜಾರುತ್ತದೆ, ಹತ್ತಿಯಾದರೆ ಹೀಗೆ ಜಾರುವುದಿಲ್ಲ, ಒಂದಿಷ್ಟಾದರೂ ಹಿಡಿದುಕೊಳ್ಳುತ್ತದೆ — ಗಂಡನ ಕೋಟಿನ ಲೈನಿಂಗನ್ನು ಟೈಲರಮ್ಮ ಬ್ಲೇಡು ಹಿಡಿದು ಬಿಚ್ಚುತ್ತಿದ್ದಳು, ತನ್ನದೇ ಕೈಯ ಹೊಲಿಗೆ, ಮದುವೆಗೂ ಮೊದಲಿನದು, ಎಷ್ಟು ಬಿಗಿಯಾಗಿ ಹಾಕಿದ್ದೆನಪ್ಪಾ ಆಗ, ಬಿಚ್ಚುವ ದಿನ ಬರುತ್ತದೆಂದು ಯಾರು ಕಂಡಿದ್ದರು. ಪಕ್ಕದ ಕೋಣೆಯಲ್ಲಿ ಅವರು ಮಲಗಿದ್ದಾರೆ, ಮಲಗಿದ್ದಾರೆ ಎಂದೇ ಅನ್ನಬೇಕು, ಬೆಳಿಗ್ಗೆಯಿಂದ ಉಸಿರಿಲ್ಲ. ನನ್ನನ್ನ ಆ ಹುಲ್ಲುಗಾವಲಲ್ಲೇ ಹೂಳಿ, ಹೆಣಾನ ಬರೀ ಮಣ್ಣಿಗೆ ಕೊಟ್ಟು ಮೇಲೆ ಹುಲ್ಲು ಬೆಳೆಸ್ತಾರಲ್ಲ, ಅಲ್ಲಿ, ಪೆಟ್ಟಿಗೆ ಬೇಡ, ಸಿಮೆಂಟು ಬೇಡ, ಹೆಸರು ಕೆತ್ತಿದ ಕಲ್ಲೂ ಬೇಡ, ಊರವರ ವಿಳಾಸ ಹುಡುಕಿ ಹುಡುಕಿ ಸಾಕಾಗಿದೆ, ನನಗೊಂದು ವಿಳಾಸ ಬೇಡ ಕಣೇ, ಎಂದಿದ್ದರು, ಜೀವನಪೂರ್ತಿ ಅಂಚೆ ಹಂಚಿದವರು. ಹಾಗಾದ್ರೆ ನಾನು ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ ರೀ, ಎಂದು ಮುನಿದರೆ ನಗು, ಅಲ್ಲಿ ಮಣ್ಣಲ್ಲಿ ಕರಗದ್ದನ್ನ ಒಳಗೇ ಬಿಡಲ್ವಂತೆ, ನಿನ್ನ ಕೋಪಾನ ಮನೇಲಿಟ್ಟು ಬಾ. ಆಗಲಿ, ಕೋಟಾದರೂ ಹಾಕಿಯೇ ಕಳಿಸುತ್ತೇನೆಂದು ಹಟ ಹಿಡಿದವಳು ಇವಳು. ಮೇಲಿನ ಬಟ್ಟೆ ಹತ್ತಿ ತಾನೇ, ಪರವಾಗಿಲ್ಲಮ್ಮ, ಹುಲ್ಲುಗಾವಲು ನೋಡಿಕೊಳ್ಳುವವನು ಫೋನಿನಲ್ಲಿ ಮೆತ್ತಗೆ ಹೇಳಿದ್ದ, ನೈಲಾನು, ಗುಂಡಿ, ಹೆಗಲಿಗಿಟ್ಟ ಸ್ಪಂಜು ಇದ್ರೆ ತೆಗೆದುಬಿಡಿ. ಗುಂಡಿ ಹೋದವು, ಲೈನಿಂಗ್ ಹೋಯಿತು, ಅಮ್ಮಾ ಸಾಕು ಬಿಡಮ್ಮಾ, ಬೆಡ್‌ಶೀಟಲ್ಲೇ ಸುತ್ತೋಣ, ಬಾಗಿಲಲ್ಲಿ ನಿಂತು ಮಗಳು ಅಳುತ್ತಾಳೆ, ಸುಮ್ನಿರು ಮಗಾ, ಇನ್ನು ಹೆಗಲೊಂದೇ — ಎಡಹೆಗಲು, ಹುಟ್ಟಿನಿಂದ ತಗ್ಗು, ಅಂಚೆಚೀಲ ಇನ್ನಷ್ಟು ಎಳೆದದ್ದು, ಮೊದಲ ಸಲ ಅಳತೆ ತೆಗೆದಾಗ ಟೇಪು ಹಿಡಿದ ಕೈಗೆ ಗೊತ್ತಾಗಿಬಿಟ್ಟಿತ್ತು, ಯಾರಿಗೂ ಹೇಳ್ಬೇಡಿ ಎಂದು ಆ ಹೊಸ ಗಿರಾಕಿ ಕಿವಿಯವರೆಗೆ ಕೆಂಪಾಗಿದ್ದ, ಹೇಳಲಿಲ್ಲ, ದಪ್ಪ ಸ್ಪಂಜಿಟ್ಟು ಸಮ ಮಾಡಿದಳು, ಆ ಗುಟ್ಟೇ ಅಲ್ಲವೇ ಇಬ್ಬರನ್ನೂ ಗಂಟು ಹಾಕಿದ್ದು. ಊರು ನೋಡಿದ್ದು ಸಮ ಹೆಗಲಿನ ಮನುಷ್ಯನನ್ನು, ಕೋಟು ಕಳಚಿದ ಮೇಲಿನ ತಗ್ಗು ಇವಳೊಬ್ಬಳದು, ತಲೆಯಿಟ್ಟರೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿತ್ತು. ಸ್ಪಂಜು ಕೈಗೆ ಬಂತು, ಹಳದಿ ಪುಡಿಯಾಗಿ. ತಾಯಿ ಮಗಳು ಸೇರಿ ತೊಡಿಸಿದರು, ಗುಂಡಿಯ ಜಾಗಕ್ಕೆ ಹತ್ತಿದಾರ ಕಟ್ಟಿದರು, ಕೋಟು ಎಡಕ್ಕೆ ಕುಸಿಯಿತು — ಎಲ್ಲರಿಗೂ ಕಾಣುತ್ತೆ ರೀ ಈಗ, ಬೈಬೇಡಿ — ನಾಳೆ ಅಲ್ಲಿ ಮಣ್ಣು ಕೂರುತ್ತದೆ, ಹುಲ್ಲಿನ ಬೇರು ಕೂರುತ್ತದೆ, ಇವತ್ತಿನ್ನೂ ನನ್ನದು, ಬಗ್ಗಿದಳು, ಕೆನ್ನೆಯಿಟ್ಟಳು, ತಣ್ಣಗೆ, ಅದೇ ಅಳತೆಗೆ, ಆ ತಗ್ಗು, ಆ ತಗ್ಗು