ಕತ್ತಲೆ ಕೋಣೆಯ ಮುಂದೆ

ದ್ವೀಪದ ಕೋಟೆಗೆ ದೋಣಿಯಲ್ಲಿ ಬಂದವರಿಗೆಲ್ಲ ಅದರ ಚರಿತ್ರೆ ಹೇಳುವುದು ನನ್ನ ಕೆಲಸ. ಹೇಳಿ ಹೇಳಿ ಬಾಯಿ ಸವೆದಿದೆ. ಸಮುದ್ರದಿಂದ ಬರುವ ಶತ್ರುಗಳಿಗೆಂದು ರಾಜ ಕಟ್ಟಿಸಿದ. ಶತ್ರುಗಳು ಇತ್ತ ತಲೆಯೇ ಹಾಕಲಿಲ್ಲ. ಇಷ್ಟು ದಪ್ಪ ಗೋಡೆ ಸುಮ್ಮನೆ ಬಿದ್ದಿರುವುದೇಕೆಂದು ಆಮೇಲೆ ಬಂದ ಸರ್ಕಾರ ತನ್ನ ಜನರನ್ನೇ ತಂದು ಕೂಡಿಹಾಕಿತು. ಕಥೆ ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ನಾನೂ ನಗಬೇಕು, ಅದೂ ಕೆಲಸದಲ್ಲೇ ಸೇರಿದೆ.

ಹಾಗೆ ಕೂಡಿಹಾಕಿಸಿಕೊಂಡವರಲ್ಲಿ ನಮ್ಮಪ್ಪನೂ ಒಬ್ಬರು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು; ಯಾರದೋ ಕರಪತ್ರ ಅಚ್ಚು ಹಾಕಿದ್ದಕ್ಕೆ ಇಲ್ಲಿಗೆ ಬಂದರು. ಬಿಡುಗಡೆಯಾಗುವಷ್ಟರಲ್ಲಿ ನಾನು ಅವರ ಭುಜದೆತ್ತರ ಬೆಳೆದಿದ್ದೆ. ಅವತ್ತಿನಿಂದ ಇಲ್ಲಿಯ ಬಗ್ಗೆ ತುಟಿ ಪಿಟಕ್ಕೆಂದವರಲ್ಲ. ಕಂಡವರಿಗೆಲ್ಲ ಕೋಟೆಯ ಕಥೆ ಹೇಳುವ ನನಗೆ ಅಪ್ಪನ ಕಥೆಯೇ ಗೊತ್ತಿಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅವರ ಬಾಯಿಂದ ಒಂದು ಮಾತು ಕೇಳಬೇಕಿತ್ತು. ಅವರಿಗೂ ವಯಸ್ಸಾಗಿತ್ತು, ನನಗೂ ಸಾಕಾಗಿತ್ತು.

ಮೊನ್ನೆ ಬೆಳಿಗ್ಗೆ ನಾನು ಹೊರಡುವಾಗ ಅವರೂ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

"ನಾನೂ ಬರ್ತೀನಿ. ನೀನು ಅದೇನು ಹೇಳ್ತೀಯೋ ಕೇಳೋಣ."

ಗುಂಪಿನ ಕೊನೆಯಲ್ಲಿ ನಡೆದರು. ಅಂಗಳ ಬಂತು, ಅಡುಗೆಮನೆ ಬಂತು. ಮುಖದಲ್ಲಿ ಏನೂ ಇಲ್ಲ. ಕತ್ತಲೆ ಕೋಣೆಯ ಹತ್ತಿರ ನನ್ನದೊಂದು ಆಟವಿದೆ. ಬೇಕಾದವರನ್ನು ಒಳಗೆ ಬಿಟ್ಟು, ಕದ ಹಾಕಿ, ಸ್ವಲ್ಪ ಹೊತ್ತಾದ ಮೇಲೆ ತೆಗೆಯುತ್ತೇನೆ. ಕಿಸಿಕಿಸಿ ನಗುತ್ತ ಹೊರಬರುತ್ತಾರೆ. ಅವತ್ತೂ ಬಂದರು. ಸುತ್ತ ನೋಡಿದರೆ ಅಪ್ಪ ಮಾತ್ರ ಎಲ್ಲೂ ಕಾಣಲಿಲ್ಲ.

ಕೋಣೆಯೊಳಗೆ ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಒಳಗೆ ಹೋದೆ.

"ಅಪ್ಪಾ, ಆಯ್ತು, ಬನ್ನಿ."

ಅಲುಗಾಡಲಿಲ್ಲ.

"ಅಪ್ಪಾ, ನಾನು." ಭುಜ ಮುಟ್ಟಿದೆ. ಗೋಡೆಗೆ ಇನ್ನಷ್ಟು ಅಂಟಿಕೊಂಡರು.

ಇಲ್ಲಿ ಅವರನ್ನು ಯಾರೂ ಅಪ್ಪಾ ಎಂದು ಕರೆದಿರಲಿಲ್ಲ. ಕಾವಲಿನವರು ಹೇಗೆ ಕರೆಯುತ್ತಿದ್ದರೆಂದು ದಿನಾ ಜನರಿಗೆ ಮಾಡಿ ತೋರಿಸುವವಳು ನಾನೇ. ಬೇರೆ ದಾರಿ ಕಾಣಲಿಲ್ಲ. ಹೊರಗೆ ಬಂದು, ಅದಕ್ಕೆಂದೇ ಇಟ್ಟುಕೊಂಡಿರುವ ಕೋಲಿನಿಂದ ಕದಕ್ಕೆ ಬಡಿದೆ.

"ಏಯ್, ಬಾರೋ ಹೊರಗೆ."

ತಟ್ಟನೆ ತಿರುಗಿದರು. ತಲೆ ತಗ್ಗಿಸಿಕೊಂಡು ನನ್ನನ್ನು ದಾಟಿ, ಅಂಗಳಕ್ಕೆ ಹೋಗಿ ನಿಂತರು. ಜನ ಚಪ್ಪಾಳೆ ತಟ್ಟಿದರು. ಇದೂ ಆಟವೇ ಅಂದುಕೊಂಡಿರಬೇಕು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ದೋಣಿಗೆ ಕಾಯುವಾಗ ಅವರಿಗೆ ನೀರಿನ ಬಾಟಲಿ ಕೊಟ್ಟೆ. "ತಪ್ಪಾಯ್ತಪ್ಪಾ" ಅಂದೆ.

ನಿಧಾನವಾಗಿ ಕುಡಿದು, ಮುಚ್ಚಳ ತಿರುಗಿಸಿ ಹಾಕಿದರು.

"ಕೂಗಿದ್ದು ಸರಿಯಾಗೇ ಇತ್ತು," ಎಂದರು. "ಆದ್ರೆ ನೀನು ಮೂರು ಸಲ ಕರೆದೆ. ಅವರು ಒಂದೇ ಸಲ ಕರೀತಿದ್ದಿದ್ದು."

ಇಷ್ಟು ವರ್ಷ ಕಾದ ಮಾತು ಬಂದಿತ್ತು. ಎರಡನೆಯದನ್ನು ಕೇಳುವ ಶಕ್ತಿ ನನಗಿರಲಿಲ್ಲ.